ಒಂದಗುಳು, ಆರು ಟೈರು

"ಸಾಹೇಬ್ರ, ನಿಮ್ ಗಾಡಿಗೆ ಬುಗುಟಿ ಎದ್ದೈತ್ ನೋಡ್ರಿ."

2025ರ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಬೇಸ್‌ಮೆಂಟಿಗೆ ಇಳಿದವನಿಗೆ ನಮ್ಮ ವಾಚ್‌ಮನ್ ಕೊಟ್ಟ ಸುದ್ದಿ ಇದು. ರಾಯಚೂರು ಕಡೆಯವರು, ಕೆಟ್ಟ ಸುದ್ದಿಗೆ ಪೀಠಿಕೆ ಹಾಕುವ ಅಭ್ಯಾಸವಿಲ್ಲ. ಬಗ್ಗಿ ನೋಡಿದೆ. ಮುಂದಿನ ಎಡಗಡೆ ಟೈರಿನ ಪಕ್ಕೆಯಲ್ಲಿ ಕೋಳಿಮೊಟ್ಟೆ ಗಾತ್ರದ ಊತ. ಬಾಗಿಲಿಗೆ ತಲೆ ಬಡಿಸಿಕೊಂಡ ಮಗುವಿನ ಹಣೆಯ ಹಾಗೆ ಕಾಣುತ್ತಿತ್ತು. ಕೈ ತಾನಾಗಿಯೇ ಹೋಗಿ ಅದನ್ನು ಉಜ್ಜಿತು. ಉಜ್ಜಿದರೆ ಇಳಿಯುವ ಜಾತಿಯದಲ್ಲ.

ಕಾರಣ ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ವರ್ತೂರು ಕೋಡಿ ದಾಟಿ ಗುಂಜೂರಿನ ಕಡೆ ಹೋಗುವಾಗ ಮಳೆ. ನಮ್ಮ ವೈಟ್‌ಫೀಲ್ಡ್ ಸೀಮೆಯಲ್ಲಿ ಮಳೆ ಬಂದರೆ ಗುಂಡಿಗಳೆಲ್ಲ ನೀರು ತುಂಬಿಕೊಂಡು, ರಸ್ತೆಯ ಮಟ್ಟಕ್ಕೆ ಬಂದು, ತಮಗೂ ಗುಂಡಿತನಕ್ಕೂ ಸಂಬಂಧವೇ ಇಲ್ಲವೆಂಬಂತೆ ಮಲಗಿಬಿಡುತ್ತವೆ. ಅಂಥದ್ದೊಂದರಲ್ಲಿ ಇಳಿದಾಗ 'ಧಡ್' ಅಂದಿತ್ತು. ಹೆಂಡತಿ ನನ್ನ ಮುಖ ನೋಡಿದಳು. "ಜರ್ಮನ್ ಸಸ್ಪೆನ್ಷನ್ನು, ಏನೂ ಆಗಲ್ಲ" ಅಂದಿದ್ದೆ. ಸಸ್ಪೆನ್ಷನ್ನಿಗೆ ಏನೂ ಆಗಿರಲಿಲ್ಲ, ಅಷ್ಟು ಮಾತ್ರ ನಿಜ.

ಈ ಕಾರಿನ ಪೂರ್ವಾಶ್ರಮವನ್ನೂ ಹೇಳಿಬಿಡುತ್ತೇನೆ. 2016ರ ಮಾಡೆಲ್ಲು, ಜರ್ಮನ್ ಸೆಡಾನು. ನಾನು ಅದರ ಮೂರನೇ ಯಜಮಾನ. ಎರಡು ವರ್ಷದ ಹಿಂದೆ, ಒಂದು ಹೊಸ ಸಣ್ಣ ಕಾರಿನ ದುಡ್ಡಿಗೆ ಕೊಂಡದ್ದು. ಅದೇ ದುಡ್ಡಿಗೆ ಜರ್ಮನಿಯೇ ಮನೆಗೆ ಬರುವಾಗ ಸಣ್ಣದೇಕೆ ಎಂಬುದು ನನ್ನ ವಾದ. ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುವ ನನ್ನಾಕೆ ಒಂದೇ ಮಾತು ಹೇಳಿದ್ದಳು: "ರೀ, ಆನೆ ಅಗ್ಗಕ್ಕೆ ಸಿಕ್ಕಿತು ಅಂತ ತರಬಹುದು. ಮನೆಗೆ ಬಂದ ಮೇಲೆ ಅದು ತಿನ್ನೋದು ಆನೆ ಊಟಾನೇ." ನಾನು ಅದನ್ನು ಬ್ಯಾಂಕಿನವರ ಸಹಜ ಜಿಪುಣತನ ಅಂದುಕೊಂಡೆ.

ಕಾರು ತಂದ ಮೂರನೇ ದಿನವೇ ಮೊದಲ ಅವಮಾನ. ಡಿಕ್ಕಿ ತೆರೆದು ಮ್ಯಾಟು ಎತ್ತಿದರೆ ಸ್ಟೆಪ್ನಿ ಇಲ್ಲ! ಮಾರಿದವನೇ ಕದ್ದಿದ್ದಾನೆಂದು ಫೋನ್ ಮಾಡಿ ಬೈದೆ. ಆತ ಮುಗಿಯುವವರೆಗೂ ಬೈಸಿಕೊಂಡು, ಆಮೇಲೆ ನಿಧಾನವಾಗಿ, "ಸರ್, ಇದು ರನ್‌ಫ್ಲಾಟು" ಅಂದ. ಪಕ್ಕೆಯಲ್ಲಿ ದಪ್ಪ ರಬ್ಬರಿನ ಬಲ ಕೊಟ್ಟ ಟೈರು. ಗಾಳಿ ಪೂರಾ ಹೋದರೂ ಗಂಟೆಗೆ 80 ಕಿ.ಮೀ. ಮೀರದ ಹಾಗೆ ಸುಮಾರು 80 ಕಿ.ಮೀ. ದೂರ ಓಡುತ್ತದೆ; ಆದ್ದರಿಂದ ಸ್ಟೆಪ್ನಿಯ ಹಂಗಿಲ್ಲ. ಸ್ಟೆಪ್ನಿ ಅನ್ನುವುದು ನಮ್ಮದೇ ಮಾತು ಅಂದುಕೊಂಡವರಿಗೆ ಹೇಳಬೇಕು. ಅದು ವೇಲ್ಸ್ ದೇಶದ ಲನೆಲ್ಲಿ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಆ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರುಮಾಡಿದರು. ಅಲ್ಲಿಯವರ ಬಾಯಲ್ಲಿ ಈಗ ಆ ಮಾತಿಲ್ಲ. ಹೊಸಕೋಟೆಯ ಕ್ಲೀನರ್ ಹುಡುಗ ಮಾತ್ರ ದಿನಕ್ಕೆ ಹತ್ತು ಸಲ ಆ ಬೀದಿಯನ್ನು ನೆನೆಯುತ್ತಾನೆ.

ಇರಲಿ, ಬುಗುಟೆಗೆ ಬರೋಣ. ಹಳೇ ಮದ್ರಾಸು ರಸ್ತೆಯ ಪಂಕ್ಚರ್ ಅಂಗಡಿಯ ಚೇಟನ ಹತ್ತಿರ ಹೋದೆ. ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಕೇರಳದವರು. ಬಕೆಟ್ ನೀರು, ಸೊಲ್ಯೂಷನ್ ಡಬ್ಬಿ, ಗೋಡೆಗೆ ಒರಗಿದ ಲಾರಿ ಟೈರು. ಅವರು ಬುಗುಟೆಯ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿದ ಹಾಗೆ ನೋಡಿ, "ಒಳಗೆ ನೂಲು ಕಟ್ ಆಗಿದೆ ಸಾರ್. ಸೈಡ್‌ವಾಲ್‌ಗೆ ಪ್ಯಾಚ್ ಇಲ್ಲ. ಯಾವಾಗ ಒಡೆಯುತ್ತೆ ಅಂತ ಅದಕ್ಕೇ ಗೊತ್ತಿಲ್ಲ" ಅಂದರು. ಉಳಿದ ಮೂರನ್ನೂ ಕಾಲಿನಿಂದ ಒದ್ದು, "ಇವೂ ನುಣ್ಣಗೆ ಆಗಿವೆ. ನಾಲ್ಕೂ ತೆಗೀರಿ" ಅಂದರು. ನೋಡಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಪುಕ್ಕಟೆಯಾಗಿ ಸಿಕ್ಕಿದ್ದು ಅದೊಂದೇ ಸಲಹೆ, ಸರಿಯಾಗಿದ್ದದ್ದೂ ಅದೊಂದೇ.

ಅವತ್ತು ರಾತ್ರಿ ಊಟವಾದ ಮೇಲೆ ಟಾರ್ಚು, ಹಳೇ ಬೆಡ್‌ಶೀಟು ಹಿಡಿದು ಬೇಸ್‌ಮೆಂಟಿಗೆ ಇಳಿದೆ. ಟೈರಿನ ಪಕ್ಕೆಯ ಬರಹ ಓದಬೇಕಾದರೆ ಶಾಸನ ಓದುವವರ ಹಾಗೆ ನೆಲಕ್ಕೆ ಮಲಗಲೇಬೇಕು. ಕಪ್ಪಿನ ಮೇಲೆ ಕಪ್ಪು ಅಕ್ಷರ. ಬೆರಳಿನಿಂದ ಧೂಳು ಒರೆಸಿದಷ್ಟೂ ಒಂದೊಂದೇ ಎದ್ದು ಬಂತು: 225/45 R18 91Y. 225 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಅಂದರೆ ಪಕ್ಕೆಯ ಎತ್ತರ, ಅಗಲದ ಶೇಕಡಾ 45. ಮನಸ್ಸಿನಲ್ಲೇ ಗುಣಿಸಿದೆ: ಹತ್ತು ಸೆಂಟಿಮೀಟರು, ಚಿಲ್ಲರೆ. ಅಂಗೈಯನ್ನು ಅಡ್ಡಲಾಗಿ ಇಟ್ಟೆ. ಹೆಚ್ಚುಕಡಿಮೆ ಮುಚ್ಚಿಯೇ ಹೋಯಿತು. ಒಂದೂವರೆ ಟನ್ನಿನ ಕಾರಿಗೂ ಗುಂಜೂರಿನ ಗುಂಡಿಗೂ ನಡುವೆ ನಿಂತು ಪಂಚಾಯ್ತಿ ಮಾಡುವುದು ಇಷ್ಟೇ ಇಷ್ಟು ರಬ್ಬರು. R ಅಂದರೆ ರೇಡಿಯಲ್, 18 ಅಂದರೆ ರಿಮ್ಮಿನ ಇಂಚು. 91 ಅಂದರೆ ಒಂದು ಟೈರು ಹೊರಬಲ್ಲ ಭಾರ, 615 ಕಿಲೋ. ಕೊನೆಯ Y ಅಂದರೆ ಗಂಟೆಗೆ 300 ಕಿ.ಮೀ. ವೇಗ ತಡೆಯುತ್ತದೆ ಎಂಬ ಭರವಸೆ.

ಇಲ್ಲಿ ಮಲಗಿದಲ್ಲೇ ಸ್ವಲ್ಪ ಹೊತ್ತು ನಕ್ಕೆ. ನಾನು ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಸಿಲ್ಕ್ ಬೋರ್ಡಿನಿಂದ ಅಲ್ಲಿಗೆ 2010ರಲ್ಲಿ ತೆರೆದ ಮೇಲುರಸ್ತೆ ಹೆಚ್ಚುಕಡಿಮೆ 10 ಕಿ.ಮೀ. ಈ ಟೈರಿನ ಭರವಸೆಯ ಪ್ರಕಾರ ಅದನ್ನು ಎರಡು ನಿಮಿಷದಲ್ಲಿ ಮುಗಿಸಬಹುದು. ಟಾಮ್‌ಟಾಮ್ ಕಂಪನಿಯವರು 2024ಕ್ಕೆ ಹಾಕಿದ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಆ ಮೇಲುರಸ್ತೆಗೆ ಹತ್ತುವ ಸಾಲಿನಲ್ಲೇ ನಾನು ಒಂದು ಪೂರ್ತಿ ಸಂಗೀತ ಕಛೇರಿ ಕೇಳಿ ಮುಗಿಸಿದ್ದೇನೆ, ತನಿ ಆವರ್ತನದ ಸಮೇತ.

ಕೊನೆಯಲ್ಲಿ ಒಂದು ಪುಟ್ಟ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕಂಕಿ: 2216. ಅದು ಟೈರಿನ ಜಾತಕ. 2016ನೇ ಇಸವಿಯ 22ನೇ ವಾರದಲ್ಲಿ ಜನನ. ಲೆಕ್ಕ ಹಾಕಿದರೆ ಅದಕ್ಕೆ ಅದೇ ತಿಂಗಳು ಒಂಬತ್ತು ತುಂಬಿತ್ತು, ಹುಟ್ಟುಹಬ್ಬಕ್ಕೆ ಬುಗುಟೆ. ಅಷ್ಟರಲ್ಲಿ ನಾಯಿ ತಿರುಗಾಡಿಸಲು ಬಂದ ಮೂರನೇ ಮಹಡಿಯ ಆಂಟಿ, ಕಾರಿನ ಪಕ್ಕ ಚಾಚಿಕೊಂಡಿದ್ದ ಎರಡು ಕಾಲು ನೋಡಿ ಕಿಟಾರನೆ ಕಿರುಚಿದರು. ನಾನು ಎದ್ದು ಕೂತು, "ಓದ್ತಾ ಇದ್ದೆ ಆಂಟಿ" ಅಂದೆ. ಅವರು ನಾಯಿಯನ್ನು ಎಳೆದುಕೊಂಡು ಲಿಫ್ಟಿಗೆ ಹೋದರು.

ಹೀಗಾಗಿ ಒಂದೇ ಟೈರು ಓದಿದೆ. ಉಳಿದ ಮೂರನ್ನು ಓದಬೇಕೆಂದು ಹೊಳೆಯಲೂ ಇಲ್ಲ. ಹೊಳೆದಿದ್ದರೂ ಓದುತ್ತಿರಲಿಲ್ಲ ಅನ್ನಿ. ಅನ್ನ ಬೆಂದಿದೆಯೋ ನೋಡಲು ಒಂದಗುಳು ಹಿಚುಕಿದರೆ ಸಾಲದೇ? ನಾನು ಹತ್ತೊಂಬತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇರುವವನು. ಎಲ್ಲಿ ಎಷ್ಟು ಅಗುಳು ಹಿಚುಕಬೇಕೆಂದು ಎಳೆಯರಿಗೆ ತರಬೇತಿ ಕೊಡುವುದೇ ನನ್ನ ಕಸುಬು.

ಮರುದಿನದಿಂದ ಎಕ್ಸೆಲ್ ಶೀಟು. ಇಪ್ಪತ್ತಮೂರು ಕಾಲಂ. ಒದ್ದೆ ರಸ್ತೆಯಲ್ಲಿ ಬ್ರೇಕು, ಒಣ ರಸ್ತೆಯಲ್ಲಿ ಬ್ರೇಕು, ಶಬ್ದ, ಸವೆತ, ಮೃದುತ್ವ, ತೂಕ. ಯುರೋಪಿನವರು ಟೈರು ಪರೀಕ್ಷಿಸುವ ಶ್ರದ್ಧೆಗೆ ಕೈ ಮುಗಿಯಬೇಕು. ಒಂದು ಟೈರು ಹೊರಗೆ 69 ಡೆಸಿಬೆಲ್ ಸದ್ದು ಮಾಡುತ್ತದೆ, ಇನ್ನೊಂದು 71. ಈ ಎರಡು ಡೆಸಿಬೆಲ್ಲಿನ ಮೇಲೆ ನಾನು ಮೂರು ರಾತ್ರಿ ಯೋಚಿಸಿದೆ. ಮಾರತಹಳ್ಳಿ ಸೇತುವೆಯ ಕೆಳಗೆ ಹಿಂದಿನಿಂದ ಖಾಸಗಿ ಬಸ್ಸು ಹಾರನ್ ಬಾರಿಸುವಾಗ ಆ ಎರಡು ಡೆಸಿಬೆಲ್ಲನ್ನು ಎಲ್ಲಿ ಹುಡುಕುವುದೆಂದು ಶೀಟಿನಲ್ಲಿ ಕಾಲಂ ಇರಲಿಲ್ಲ. ನೀರಿನ ಪದರದ ಮೇಲೆ ಕಾರು ತೇಲದ ಹಾಗೆ ತಡೆಯುವ ಗುಣಕ್ಕೂ ಅಂಕ ಕೊಟ್ಟಿದ್ದೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ಕಡೆ ವಿಲ್ಲಾಗಳ ಮುಂದೆ ನನ್ನದಕ್ಕಿಂತ ನಾಲ್ಕು ಪಟ್ಟು ಬೆಲೆಯ ಕಾರುಗಳು ಬಾನೆಟ್ಟಿನವರೆಗೆ ಮುಳುಗಿ ನಿಂತಿದ್ದವು. ಅವುಗಳ ಯಜಮಾನರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆ ವಾರ ನಮ್ಮ ಸೀಮೆಯಲ್ಲಿ ಮರ್ಯಾದೆಯಿಂದ ತಲೆಯೆತ್ತಿ ಓಡಾಡಿದ್ದು ಟ್ರ್ಯಾಕ್ಟರಿನ ಟೈರು ಒಂದೇ.

ಈ ಸಂಶೋಧನೆಯಲ್ಲಿ ಬೇಡದ ಜ್ಞಾನವೂ ಸಾಕಷ್ಟು ಅಂಟಿಕೊಂಡಿತು. 1839ರಲ್ಲಿ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿಮಾಡುವ ಗುಟ್ಟು ಕಂಡುಕೊಂಡ ಚಾರ್ಲ್ಸ್ ಗುಡ್‌ಇಯರ್ 1860ರಲ್ಲಿ ಸತ್ತದ್ದು ಸಾಲಗಾರನಾಗಿ. ಅವನ ಹೆಸರಿನ ಕಂಪನಿ ಹುಟ್ಟಿದ್ದು 1898ರಲ್ಲಿ, ಅವನಿಗೂ ಅದಕ್ಕೂ ಸಂಬಂಧವಿಲ್ಲ. ಮಿಷಲಿನ್ ಎಂಬ ಟೈರು ಕಂಪನಿ 1900ರಲ್ಲಿ ಪ್ರವಾಸದ ಪುಸ್ತಕ ಹಂಚಿತು, 1926ರಿಂದ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರುಮಾಡಿತು. ಜನ ಊಟಕ್ಕೆಂದು ದೂರ ದೂರ ಕಾರು ಓಡಿಸಲಿ, ಟೈರು ಸವೆಯಲಿ ಎಂಬುದು ಒಳಗಿನ ಲೆಕ್ಕ. ಮದ್ದೂರು ವಡೆಗೆ ಭಾನುವಾರ ಬೆಳಿಗ್ಗೆ ಹೊರಡುವ ನಾವೆಲ್ಲ ಫ್ರಾನ್ಸಿನವರ ಉಪಾಯಕ್ಕೆ ಎಂದೋ ಬಲಿಯಾದವರು. ಎಂಆರ್‌ಎಫ್ ಅಂದರೆ ಬ್ಯಾಟು ಮಾಡುವ ಕಂಪನಿ ಅಂತ ಹೈಸ್ಕೂಲಿನಲ್ಲಿ ನಂಬಿದ್ದವನು ನಾನು. ತೆಂಗಿನ ಮಟ್ಟೆಯ ಬ್ಯಾಟಿಗೆ ಆ ಮೂರಕ್ಷರ ಬರೆದುಕೊಂಡು ಸಚಿನ್ ಆದವನು. ಅದು 1946ರಲ್ಲಿ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಆಟದ ಬಲೂನು ಮಾಡಲು ಶುರುವಾದದ್ದಂತೆ. ಬಲೂನು ಟೈರಾದ ಕಥೆ ಅವರದು. ನನ್ನದು ಟೈರು ಬಲೂನಾದ ಕಥೆ.

ಆಫೀಸಿನಲ್ಲಿ ಒಬ್ಬ ಕಿವಿಯಲ್ಲಿ ಹೇಳಿದ: "ನಕ್ಷತ್ರ ನೋಡಿ ತಗೋ ಗುರು." ತಮಾಷೆಯಲ್ಲ. ಬಿಎಂಡಬ್ಲ್ಯು ತಾನು ಒಪ್ಪಿದ ಟೈರಿನ ಪಕ್ಕೆಗೆ ನಕ್ಷತ್ರದ ಗುರುತು ಹಾಕಿಸುತ್ತದೆ, ಮರ್ಸಿಡಿಸ್‌ನವರದು ಎಂಒ, ಆಡಿಯವರದು ಎಒ. ಜನ್ಮದಿನ ಗೊತ್ತಾಗಿತ್ತು, ಈಗ ನಕ್ಷತ್ರವೂ ಬಂತು. ಗೋತ್ರವೊಂದು ಬಾಕಿ. ಇನ್ನೊಬ್ಬ, "ರನ್‌ಫ್ಲಾಟ್ ಕಿತ್ತು ಹಾಕಿ ಮಾಮೂಲಿ ಹಾಕಿಸು, ಸೊಂಟ ಉಳಿಯುತ್ತೆ" ಅಂದ. ಮಗದೊಬ್ಬ, "ಕಾರನ್ನೇ ಮಾರಿಬಿಡು" ಅಂದ. ಇವನನ್ನು ಟೀಮಿನಿಂದ ತೆಗೆಯಬೇಕೆಂದು ಮೊದಲಿನಿಂದಲೂ ನನ್ನ ಮನಸ್ಸಿನಲ್ಲಿತ್ತು.

ಇದರ ನಡುವೆ ಒಂದು ಸಂಜೆ ಹೆಂಡತಿ ತನ್ನ ಸ್ಕೂಟರಿಗೆ ಹಿಂದಿನ ಟೈರು ಹಾಕಿಸಿಕೊಂಡು ಬಂದಳು. ಹೋಪ್ ಫಾರ್ಮಿನ ಹತ್ತಿರ ನಿಲ್ಲಿಸಿ, "ಟೈರ್ ಹಾಕಪ್ಪಾ" ಅಂದಳಂತೆ. ಹದಿನೈದು ನಿಮಿಷ, 1,700 ರೂಪಾಯಿ.

"ಯಾವುದು?" ಅಂತ ಕೇಳಿದೆ, ಶೀಟಿನಿಂದ ತಲೆ ಎತ್ತದೆ.

"ಕಪ್ಪುದು" ಅಂದಳು.

ವೈಟ್‌ಫೀಲ್ಡಿನ ಒಂದು ದೊಡ್ಡ ಅಂಗಡಿಗೂ ಹೋಗಿದ್ದೆ. ಎಸಿ, ಕಾಫಿ, ಒಡವೆ ಅಂಗಡಿಯ ಹಾಗೆ ಲೈಟಿನ ಕೆಳಗೆ ಒಂದೊಂದೇ ಟೈರು. ಕೋಟು ಹಾಕಿದ ಹುಡುಗ ಬೆಲೆ ಹೇಳಿದ. ಕಾಫಿ ಕುಡಿದು ಬಂದೆ. ಆ ಭೇಟಿಯ ಬಗ್ಗೆ ಇಷ್ಟು ಸಾಕು.

ಆಗ ನೆನಪಾದದ್ದು ಪೀಣ್ಯದ ಚಿಕ್ಕಪ್ಪನ ಮಗ. ಎರಡನೇ ಹಂತದಲ್ಲಿ ಎರಡು ಸಿಎನ್‌ಸಿ ಯಂತ್ರ ಇಟ್ಟುಕೊಂಡು ಬುಷ್ಷು, ಪಿನ್ನು ಮಾಡಿಕೊಡುತ್ತಾನೆ. "ಬಾರಣ್ಣ, ನಮ್ಮ ಕಡೆ ಹೋಲ್‌ಸೇಲ್‌ನವ್ರು ಅವ್ರೆ, ಕಮ್ಮಿಗೆ ಕೊಡುಸ್ತೀನಿ" ಅಂದ. ಬುಗುಟೆ ಹೊತ್ತ ಕಾರಿನಲ್ಲಿ ವೈಟ್‌ಫೀಲ್ಡಿನಿಂದ ಪೀಣ್ಯಕ್ಕೆ ಊರನ್ನೇ ಸೀಳಿಕೊಂಡು ಹೋಗಲು ಧೈರ್ಯ ಸಾಲಲಿಲ್ಲ. ಕಾಡುಗೋಡಿಯಲ್ಲಿ ನೇರಳೆ ಮೆಟ್ರೋ ಹತ್ತಿದೆ, ಮೆಜೆಸ್ಟಿಕ್ಕಿನಲ್ಲಿ ಹಸಿರಿಗೆ ದಾಟಿದೆ. ಬೆಂಗಳೂರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ನೂರು ರೂಪಾಯಿಯೊಳಗೆ, ಯಾವ ಗುಂಡಿಯೂ ಇಲ್ಲದೆ, ಕಾರಿನ ಟೈರು ಕೊಳ್ಳಲು ಹೋದೆ. ಇದರಲ್ಲಿ ಏನೋ ಸೂಚನೆ ಇದೆ ಅಂತ ಯಶವಂತಪುರದ ಹತ್ತಿರ ಒಂದು ಕ್ಷಣ ಅನಿಸಿತ್ತು. ಅಷ್ಟರಲ್ಲಿ ಸೀಟು ಸಿಕ್ಕಿತು, ಮರೆತೆ.

ಪೀಣ್ಯದ ವಾಸನೆಯೇ ಬೇರೆ. ಕಟಿಂಗ್ ಆಯಿಲ್ಲು, ಕಾದ ಕಬ್ಬಿಣ, ಚಿಕ್ಕ ಗ್ಲಾಸಿನ ಟೀ. ತಮ್ಮನ ಶೆಡ್ಡಿನಲ್ಲಿ ಲೇತಿನಿಂದ ಸುರುಳಿ ಸುರುಳಿಯಾಗಿ ಲೋಹದ ಚೂರು ಬೀಳುತ್ತಿತ್ತು. ಒಬ್ಬ ಹುಡುಗ ತಯಾರಾದ ಪ್ರತಿ ಬುಷ್ಷನ್ನೂ ಎತ್ತಿ ಗೇಜಿಗೆ ಹಾಕಿ ನೋಡಿ ಡಬ್ಬಿಗೆ ಇಡುತ್ತಿದ್ದ. ಗೇಜಿನ ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು.

"ಪ್ರತಿಯೊಂದನ್ನೂ ನೋಡ್ತೀರಾ?" ಅಂದೆ.

"ಹೂಂ ಮತ್ತೆ. ಒಂದು ತಪ್ಪಿದ್ರೂ ಇಡೀ ಲಾಟ್ ವಾಪಸ್ ಬತ್ತದೆ."

ನಾನು ಸ್ಟೂಲಿನ ಮೇಲೆ ಕೂತು, ಟೀ ಹೀರುತ್ತಾ, ಅವನಿಗೆ ಸ್ಯಾಂಪ್ಲಿಂಗ್ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ. ಎಲ್ಲವನ್ನೂ ನೋಡುವುದು ಹಳೇ ಪದ್ಧತಿ, ಸಮಯ ದಂಡ, ಒಂದು ನೋಡಿದರೆ ಉಳಿದದ್ದು ಗೊತ್ತಾಗಬೇಕು, ಇತ್ಯಾದಿ. ಅವನು ದೊಡ್ಡಪ್ಪನ ಮಗನೆಂಬ ಮರ್ಯಾದೆಗೆ ತಲೆ ಆಡಿಸಿದ. ಗೇಜಿನ ಹುಡುಗ ಕೆಲಸ ನಿಲ್ಲಿಸಲಿಲ್ಲ.

ಟೈರಿನ ಹೋಲ್‌ಸೇಲ್ ಅಂಗಡಿಯಲ್ಲಿ ಎಸಿ ಇರಲಿಲ್ಲ, ಕೋಟೂ ಇರಲಿಲ್ಲ. ಬನಿಯನ್ನಿನ ಮೇಲೆ ಶರ್ಟು ಹಾಕಿ ಗುಂಡಿ ಹಾಕದ ಯಜಮಾನರು ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಕೇಳಿದರು: "ಗಾಡಿ ಎಲ್ಲಿ ಸಾರ್?"

"ಮನೇಲಿದೆ."

"ನೀವು ಹೆಂಗ್ ಬಂದ್ರಿ?"

"ಮೆಟ್ರೋದಲ್ಲಿ."

"ಒಳ್ಳೇದು. ಟೈರ್ ಸವೆಯಲ್ಲ." ಆಮೇಲೆ, "ಮುಂದಿಂದು ಟೂ ಟ್ವೆಂಟಿಫೈವ್ ಅಂತೀರಾ, ಹಿಂದಿಂದು?"

"ಎಲ್ಲಾ ಒಂದೇ" ಅಂದೆ, ಇದೂ ಒಂದು ಪ್ರಶ್ನೆಯೇ ಎಂಬ ದನಿಯಲ್ಲಿ.

"ಗಾಡಿ ತಂದಿದ್ರೆ ನೋಡ್ತಿದ್ದೆ" ಅಂತ ಗೊಣಗಿದರು. ಇಂಥ ಅಳತೆಯ ಟೈರು ಸುಲಭಕ್ಕೆ ಸಿಗುವುದಿಲ್ಲವೆಂದೂ, 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದಿಗೆ ಕೇಂದ್ರದವರು ಲೈಸೆನ್ಸ್ ಕಟ್ಟುಪಾಡು ತಂದ ಮೇಲೆ ಬಂದಷ್ಟೇ ಮಾಲು, ಹೇಳಿದ್ದೇ ರೇಟು ಅನ್ನುವ ಹಾಗಾಗಿದೆಯೆಂದೂ ವಿವರಿಸಿದರು. ಒಂದು ಜೊತೆ ಇತ್ತು, ಅರ್ಧ ಬೆಲೆಗೆ. ನಾನು ತಟ್ಟನೆ ಕುಕ್ಕುರುಗಾಲಲ್ಲಿ ಕೂತು ಜಾತಕ ನೋಡಿದೆ: 1120. ಐದು ದಾಟಿದೆ! "ಯಜಮಾನ್ರೇ, ಇದು 2020ರ ಹನ್ನೊಂದನೇ ವಾರದ್ದು. ಲಾಕ್‌ಡೌನಿಗಿಂತ ಮುಂಚಿನದು" ಅಂದೆ. ಅಂಗಡಿಯ ಹುಡುಗರೆಲ್ಲ ತಿರುಗಿ ನೋಡಿದರು. ಯಜಮಾನರು ತಮ್ಮನ ಕಡೆ ನೋಡಿ, "ನಿಮ್ಮಣ್ಣ ಭಾಳ ತಿಳ್ಕಂಡವ್ರೆ" ಅಂದರು. ಹಸಿರು ಮೆಟ್ರೋದಲ್ಲೂ ನೇರಳೆ ಮೆಟ್ರೋದಲ್ಲೂ ಆ ಮಾತನ್ನೇ ಚಪ್ಪರಿಸುತ್ತಾ ಮನೆಗೆ ಬಂದೆ.

ಆಗಸ್ಟ್ 12ರ ರಾತ್ರಿ, ಶೀಟಿನ ಕೊನೆಯ ಕಾಲಂ ಹಸಿರಾಯಿತು. ಆನ್‌ಲೈನಿನಲ್ಲಿ ನಾಲ್ಕು ಟೈರು, ತಲಾ 22,000, ಒಟ್ಟು 88,000, ಒಂಬತ್ತು ಕಂತು. ಐದನೇ ದಿನ ನಾಲ್ಕೂ ಬಾಗಿಲಿಗೆ ಬಂದವು. ಹೊಸ ಟೈರಿನ ವಾಸನೆ ಮನೆಯೆಲ್ಲ ತುಂಬಿತು. ತಿಪಟೂರಿನಿಂದ ಬಂದಿದ್ದ ಅಮ್ಮ, ಮನೆಗೆ ಬಂದ ಹೊಸ ವಸ್ತು ಅಂತ ನಾಲ್ಕಕ್ಕೂ ಅರಿಶಿನ ಕುಂಕುಮ ಹಚ್ಚಿ, ಮೇಲೆ ಅಂಟಿಸಿದ್ದ ಕಾಗದ ಅಂದಗೆಡುತ್ತದೆಂದು ಕಿತ್ತು, ನಾಲ್ಕನ್ನೂ ಸೇರಿಸಿ ಕಸದ ಬುಟ್ಟಿಗೆ ಹಾಕಿದರು. ನನಗೆ ಆಗ ಅದು ತಾಯಿಯ ಅಕ್ಕರೆಯಾಗಿ ಕಂಡಿತ್ತು.

ಶನಿವಾರ ಹೂಡಿಯ ಹತ್ತಿರದ ಟೈರ್ ಅಂಗಡಿಗೆ ಹೊರಟೆ. ಡಿಕ್ಕಿಯಲ್ಲಿ ಎರಡು, ಹಿಂದಿನ ಸೀಟಿನಲ್ಲಿ ಒಂದು, ನನ್ನ ಪಕ್ಕದ ಸೀಟಿನಲ್ಲಿ ಒಂದು. ಹತ್ತು ಹನ್ನೆರಡು ಕಿಲೋ ಭಾರ ಕಂಡ ಕಾರು, ಪಕ್ಕದಲ್ಲಿ ಯಾರೋ ಕೂತಿದ್ದಾರೆಂದು ಟಿಣ್ ಟಿಣ್ ಅಂತ ಬಡಿದುಕೊಳ್ಳತೊಡಗಿತು. ಟೈರಿಗೆ ಸೀಟ್‌ಬೆಲ್ಟ್ ಹಾಕಿದೆ. ಹಣೆಗೆ ಕುಂಕುಮ ಇಟ್ಟುಕೊಂಡು, ಬೆಲ್ಟು ಬಿಗಿದುಕೊಂಡು, ಮೊದಲ ಸಲ ಗಂಡನ ಜೊತೆ ಹೊರಟ ಮದುವಣಗಿತ್ತಿಯ ಹಾಗೆ ಕೂತಿತ್ತು. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಕಿಟಕಿಯೊಳಗೆ ಬಗ್ಗಿ ನೋಡಿ, ಏನು ಕೇಸು ಹಾಕಬೇಕೆಂದು ತೋಚದೆ ಕೈ ಬೀಸಿದರು.

ಅಂಗಡಿಯಲ್ಲಿ ಕೆಲಸ ಚುರುಕು. ಜ್ಯಾಕು, ಗನ್ನಿನಿಂದ ಟರ್ರ್ ಅಂತ ನಟ್ಟು, ಯಂತ್ರದ ಮೇಲೆ ರಿಮ್ಮು. ಮುಂದಿನ ಎರಡೂ ಕೂತವು. ಮಾಲೀಕರು ನೈಟ್ರೋಜನ್ ಹಾಕಲಾ, ಟೈರಿಗೆ 50 ರೂಪಾಯಿ ಅಂದರು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಇದು ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು ಅಂತ ನಾನು ಜ್ಞಾನ ಹಂಚುತ್ತಿದ್ದೆ. ಅಷ್ಟರಲ್ಲಿ ಕಾರಿನ ಹಿಂದಿನಿಂದ ಹುಡುಗನ ದನಿ ಬಂತು.

"ಅಣ್ಣಾ, ಹಿಂದಿಂದು ದಪ್ಪ ಐತೆ."

"ದಪ್ಪ ಅಂದ್ರೆ?"

"ಟೂ ಫಿಫ್ಟಿಫೈವ್ ಫಾರ್ಟಿ."

ನಾನು ಹೋಗಿ ಹೂಡಿಯ ಆ ಎಣ್ಣೆ ನೆಲದ ಮೇಲೆ, ಬೆಡ್‌ಶೀಟೂ ಇಲ್ಲದೆ, ಮಲಗಿ ಓದಿದೆ. 255/40 R18 95Y. ಮುಂದಕ್ಕೊಂದು ಅಳತೆ, ಹಿಂದಕ್ಕೊಂದು ಅಳತೆ. ಇಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವ ಗಾಡಿ, ಆದ್ದರಿಂದ ಹಿಂದೆ ಅಗಲ. ಇಂಥ ಕಾರುಗಳಲ್ಲಿ ಇದು ಮಾಮೂಲು ಅಂತ ಮಾಲೀಕರು ಮೆಲ್ಲಗೆ ಹೇಳಿದರು. ಇಪ್ಪತ್ತಮೂರು ಕಾಲಮ್ಮಿನ ಶೀಟಿನಲ್ಲಿ 'ಹಿಂದೆ' ಎಂಬ ಕಾಲಂ ಇರಲಿಲ್ಲ. ಬೆಂದ ಅಗುಳನ್ನು ಹಿಚುಕಿದ್ದೆ; ಪಕ್ಕದಲ್ಲಿ ಇದ್ದದ್ದು ಬೇರೆ ಪಾತ್ರೆ.

"ಇದನ್ನೇ ಕೂರ್ಸಕ್ಕೆ ಆಗಲ್ವಾ?" ಅಂದೆ. ನನ್ನ ದನಿಯಲ್ಲಿ ಆಗ ನೈಟ್ರೋಜನ್ ಇರಲಿಲ್ಲ.

"ಎಳೆದು ಕೂರ್ಸಬೌದು ಸಾರ್. ಆದ್ರೆ ಕಂಪನಿ ಹೇಳಿರೋದು ಟೂ ಫಿಫ್ಟಿಫೈವ್. ಆಮೇಲೆ ಗಾಡಿ ತಿರುವಲ್ಲಿ ಏನಾದ್ರೂ ಆಡಿದ್ರೆ ನನ್ನ ಕೇಳ್ಬೇಡಿ."

ಕಂಪನಿ ಹೇಳಿದ್ದನ್ನು ಬಿಟ್ಟು ಅತ್ತಿತ್ತ ಹೋಗಬಾರದು ಎಂದು ಅರ್ಧ ಗಂಟೆಯಿಂದ ಅವರಿಗೆ ಉಪದೇಶ ಮಾಡುತ್ತಿದ್ದವನು ನಾನೇ. ಕಾರು ಜ್ಯಾಕಿನ ಮೇಲೆ ಹಿಂಗಾಲು ಎತ್ತಿ ನಿಂತಿತ್ತು. 255ರ ಒಂದು ಜೊತೆ ತರಿಸಿದರು, ತಲಾ 27,000. ಆನ್‌ಲೈನ್ ಅಂಗಡಿಗೆ ಫೋನ್ ಮಾಡಿ ಉಳಿದೆರಡನ್ನು ವಾಪಸ್ ತಗೊಳ್ಳಿ ಅಂದೆ. ಹುಡುಗಿ ವಿನಯವಾಗಿ, "ಟೈರ್ ಮೇಲಿನ ಲೇಬಲ್ ಇದೆಯಾ ಸರ್?" ಅಂದಳು. ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ, "ಸರ್, ಇದರ ಮೇಲೆ ಹಳದಿ, ಕೆಂಪು ಏನೋ ಇದೆಯಲ್ಲ?" ಅಂದಳು. ಅರಿಶಿನ ಕುಂಕುಮ ಹಚ್ಚಿದ ಮಾಲನ್ನು ವಾಪಸ್ ಪಡೆಯಲು ಅವಳ ಕಂಪ್ಯೂಟರಿನಲ್ಲೂ ಕಾಲಂ ಇರಲಿಲ್ಲ.

ಒಟ್ಟು 1,42,000. ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಪ್ರಧಾನಿ ಕೆಂಪುಕೋಟೆಯ ಮೇಲಿಂದ ಅದರ ಸುಳಿವು ಕೊಟ್ಟದ್ದು ಆಗಸ್ಟ್ 15ಕ್ಕೆ, ನಾನು 'ಪೇ' ಒತ್ತಿ ಮೂರು ದಿನಕ್ಕೆ. ಆರು ಟೈರಿಗೂ ಸೇರಿ 11,094 ರೂಪಾಯಿ ಹೆಚ್ಚಿಗೆ ಕೊಟ್ಟಿದ್ದೇನೆಂದು ಲೆಕ್ಕ ಹಾಕಿಕೊಟ್ಟವಳು ನನ್ನ ಹೆಂಡತಿ. ಅದಕ್ಕೆ ಅವಳು ಎಕ್ಸೆಲ್ ಬಳಸಲಿಲ್ಲ. ತಿಪಟೂರಿನಿಂದ ಅಪ್ಪ ಫೋನಿನಲ್ಲಿ ಮೊತ್ತ ಕೇಳಿ ಸುಮ್ಮನಾದರು. ತೆಂಗಿನಕಾಯಿ ರೇಟನ್ನೇ ಮೂರು ಸಲ ಕೇಳುವ ಮನುಷ್ಯ, ಇದನ್ನು ಎರಡನೇ ಸಲ ಕೇಳಲಿಲ್ಲ. ಆಮೇಲೆ ಅಂದರು: "ಆ ದುಡ್ಡಿಗೆ ಒಳ್ಳೇ ಜೊತೆ ಹಳ್ಳಿಕಾರ್ ಹೋರಿ ಬರೋವು ಕಣೋ. ಮುಂಗಾಲಿಗೂ ಹಿಂಗಾಲಿಗೂ ಒಂದೇ ಲಾಳ."

ಉಳಿದೆರಡು ಟೈರು ಬಾಲ್ಕನಿಯಲ್ಲಿ ಕೂತವು. ಮಾರಲು ನೋಡಿದೆ; ಎರಡೇ ಎರಡು ರನ್‌ಫ್ಲಾಟು ಯಾರಿಗೂ ಬೇಡ. ಆಯುಧಪೂಜೆಯ ದಿನ ಅವನ್ನೂ ಕೆಳಗೆ ತಂದು ಕಾರಿನ ಪಕ್ಕ ಒರಗಿಸಿದೆ. ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ಇಟ್ಟ ವಾಚ್‌ಮನ್ನು, ಕೈಯಲ್ಲಿ ಇನ್ನೂ ಎರಡು ಹಿಡಿದು, "ಇವಕ್ಕೂ ಇಡಬೇಕೇನ್ರಿ?" ಅಂತ ಕೇಳಿದರು. ಇಡಿ ಅಂದೆ. ಹಾಗೇ ಅಲ್ಲೇ ಬಿಟ್ಟೆ. ಹದಿನೈದು ದಿನಕ್ಕೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಿಂದ ನೋಟಿಸು ಬಂತು: ಪಾರ್ಕಿಂಗ್ ಜಾಗದಲ್ಲಿ ಹಳೇ ಸಾಮಾನು ಇಡತಕ್ಕದ್ದಲ್ಲ.

ಹಳೇ ಸಾಮಾನು! ಅವತ್ತೇ ರಾತ್ರಿ ಹತ್ತೂವರೆಗೆ, ಕೆಳಗಿನ ಬೇಸ್‌ಮೆಂಟಿನ ಸ್ಟೋರ್ ರೂಮಿಗೆ ಸಾಗಿಸಲು ಹೋದೆ. ಎತ್ತಿದರೆ ಸೊಂಟ ಹಿಡಿಯುತ್ತದೆ, ಉರುಳಿಸುವುದೇ ವಾಸಿ. ಒಂದನ್ನು ನಿಲ್ಲಿಸಿ ಅಂಗೈಯಿಂದ ತಟ್ಟಿದೆ. ಸರಾಗವಾಗಿ ಉರುಳಿತು. ಇನ್ನೊಮ್ಮೆ ತಟ್ಟಿದೆ. ತಿಪಟೂರಿನ ಸಂತೆಬೀದಿಯಲ್ಲಿ ಸೈಕಲ್ಲಿನ ಬೋಳು ಟೈರನ್ನು ಕೋಲಿನಿಂದ ಹೊಡೆಯುತ್ತಾ, ಬಾಯಲ್ಲಿ ಡುರ್ರ್ ಅನ್ನುತ್ತಾ ಓಡಿದ್ದು ಕೈಗೆ ನೆನಪಿತ್ತು. ಆ ಟೈರಿನ ವೇಗದ ಮಿತಿ ನನ್ನ ಕಾಲಿನ ವೇಗದ ಮಿತಿಯೇ. ಸುತ್ತ ನೋಡಿದೆ, ಯಾರೂ ಇಲ್ಲ. ವಾಚ್‌ಮನ್ನರ ಕುರ್ಚಿಗೆ ಒರಗಿಸಿದ್ದ ಲಾಠಿ ತಗೊಂಡೆ.

ಎರಡು ಸುತ್ತು ಚೆನ್ನಾಗಿಯೇ ಆಯಿತು. ಮೂರನೆಯದರಲ್ಲಿ, ಕಂಬದ ಹತ್ತಿರ ತಿರುಗಿಸುವಾಗ, ಇಳಿಜಾರು ಇರುವುದನ್ನು ಮರೆತೆ. 'ವೇಗಮಿತಿ 10 ಕಿ.ಮೀ.' ಅನ್ನುವ ಬೋರ್ಡಿನ ಮುಂದೆಯೇ ಟೈರು ನನ್ನ ಕೋಲಿಗೆ ಸಿಗದೆ ಕೆಳಗಿಳಿಯಿತು. ಗಂಟೆಗೆ 300ಕ್ಕೆ ತಯಾರಾದದ್ದು ಮೊದಲ ಸಲ ತನ್ನ ಜಾತಿಗೆ ತಕ್ಕ ಹಾಗೆ ಓಡುತ್ತಿತ್ತು. ನಾನು ಹಿಂದೆ ಓಡಿದೆ. ಕೆಳಗೆ ದೊಡ್ಡದೊಂದು ಸದ್ದು, ಆಮೇಲೆ ಯಾವುದೋ ಕಾರಿನ ಅಲಾರಾಮು.

ಇಳಿದು ಹೋಗುವಷ್ಟರಲ್ಲಿ ವಾಚ್‌ಮನ್ ಆಗಲೇ ಟಾರ್ಚು ಹಿಡಿದು ನಿಂತಿದ್ದರು. ಕಾರ್ಯದರ್ಶಿಗಳ ಹೊಸ ಎಲೆಕ್ಟ್ರಿಕ್ ಕಾರಿನ ಬಾಗಿಲಿನಲ್ಲಿ ಪುಟ್ಟ ತಟ್ಟೆಯಷ್ಟು ಅಗಲದ ನೆಗ್ಗು. ವಾಚ್‌ಮನ್ ಬಗ್ಗಿ, ಟೈರನ್ನು ಎತ್ತಿ ನಿಲ್ಲಿಸಿ, ಸುತ್ತಲೂ ಟಾರ್ಚು ಬಿಟ್ಟು, ಪಕ್ಕೆ ತಡವಿ ನೋಡಿ, ನನಗೆ ಧೈರ್ಯ ಹೇಳಿದರು:

"ಟೈರಿಗೇನೂ ಆಗಿಲ್ರಿ ಸಾಹೇಬ್ರ."